ಮೊಸರುಬಾನಕ್ಕೆ ಅಡ್ಡ ಹಿಡಿದ ಕೈ

ಅವರನ್ನು ಮಣ್ಣು ಮಾಡಿದ ಮರುದಿನ ಶಾಲೆಯ ಅಂಗಳದಲ್ಲಿ ಶೋಕಸಭೆ ನಡೆಯಿತು. ಮೈಕು ಇತ್ತು, ಹಾರ ಹಾಕಿದ ಫೋಟೋ ಇತ್ತು. ಬದುಕಿದ್ದಾಗ ಬೆನ್ನ ಹಿಂದೆ ತಲೆಕೆಟ್ಟ ಪ್ರಧಾನ ಎಂದು ಆಡಿಕೊಂಡವರೇ ಒಬ್ಬರಾದ ಮೇಲೆ ಒಬ್ಬರು ಎದ್ದು, ಬಡವರ ಬಂಧು, ಜಲದಾನಿ, ದೊಡ್ಡ ಮನಸ್ಸಿನ ಮನುಷ್ಯ ಎಂದು ಹೊಗಳಿದರು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಅವರೇ ಅಲ್ಲಿ ಇದ್ದಿದ್ದರೆ ತಲೆಯ ಮೇಲಿನ ಬಿಳಿ ಟೊಪ್ಪಿಗೆ ತೆಗೆದು, ಅದರೊಳಗೆ ಒಮ್ಮೆ ಉಫ್ ಎಂದು ಊದಿ, ಮತ್ತೆ ಹಾಕಿಕೊಂಡು, ಸಾಕು ಮಾಡ್ರಪಾ ಎಂದು ಎದ್ದು ಹೋಗುತ್ತಿದ್ದರು. ಬೇಸರವಾದಾಗೆಲ್ಲ ಟೊಪ್ಪಿಗೆ ಊದುವುದು ಅವರ ಚಾಳಿ. ನಾಲ್ಕು ಮಾತು ಆಡಿರಿ ಎಂದು ನನ್ನನ್ನೂ ಕರೆದರು. ಗಂಟಲು ಕಟ್ಟಿದೆ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ. ಆ ನಾಲ್ಕು ಮಾತನ್ನು ಈಗ ಬರೆಯುತ್ತಿದ್ದೇನೆ. ಹೆಸರು ಬೇಡ. ಊರೆಲ್ಲ ಅವರನ್ನು ಪ್ರಧಾನರು ಎಂದೇ ಕರೆಯುತ್ತಿತ್ತು, ಮಂಡಲ ಪಂಚಾಯ್ತಿಯ ಆ ಕುರ್ಚಿ ಹೋಗಿ ಎಷ್ಟೋ ವರ್ಷವಾದ ಮೇಲೂ.

ಅವರೊಂದಿಗೆ ಮದುವೆ ಮುಂಜಿಗಳಲ್ಲಿ ಪಂಕ್ತಿಗೆ ಕೂತವರಿಗೆ ಒಂದು ಸಂಗತಿ ಗೊತ್ತು. ಹೋಳಿಗೆ ಬಂದರೆ ಬೇಡ ಎನ್ನುವ ಪದವೇ ಅವರ ಬಾಯಲ್ಲಿ ಇರಲಿಲ್ಲ. ತುಪ್ಪ ಸುರಿಯುವವರನ್ನು, ಏನಪಾ, ಕೈಗೆ ಲಕ್ವಾ ಹೊಡದೈತೇನು ಎಂದು ಕಾಡಿಸುತ್ತಿದ್ದರು. ಕೊನೆಗೆ ಮೊಸರನ್ನ ಬಂತೆಂದರೆ ಮಾತ್ರ ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದುಬಿಡುತ್ತಿದ್ದರು. ಪಿತ್ತ ಐತ್ರಿ ಎನ್ನುತ್ತಿದ್ದರು. ಪಿತ್ತವೂ ಇರಲಿಲ್ಲ, ಗಿತ್ತವೂ ಇರಲಿಲ್ಲ, ಕಲ್ಲು ತಿಂದು ಕರಗಿಸಿಕೊಳ್ಳುವ ಹೊಟ್ಟೆ ಅದು. ಆ ಕೈ ಯಾಕೆ ಅಡ್ಡ ಬರುತ್ತಿತ್ತು ಎಂಬುದು ಊರಿನಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ನನ್ನ ತವರು ಪಾಲಬಾವಿ. ಮದುವೆಯಾಗಿ ಅಥಣಿ ತಾಲೂಕಿನ ಸತ್ತಿಯ ಕಡೆಯ ಈ ಹೊಳೆದಂಡೆಯ ಊರಿಗೆ ಬಂದವಳು. ಮಂಡಲ ಪಂಚಾಯ್ತಿ ಬಂದ ಹೊಸದರಲ್ಲಿ ಹೆಣ್ಣುಮಕ್ಕಳಿಗೆ ಮೀಸಲಾತಿ ಸಿಕ್ಕಿತಲ್ಲ, ನಮ್ಮ ಮಾವನವರು ನನ್ನನ್ನು ಒಂದು ಮಾತೂ ಕೇಳದೆ ನನ್ನ ಹೆಸರು ಕೊಟ್ಟು ಬಂದರು. ಮೊದಲ ಮೀಟಿಂಗಿಗೆ ಹೋದಾಗ ಪ್ರಧಾನರು ಬಶಿಗೆ ಚಹಾ ಸುರಿದುಕೊಂಡು ಸೊರ್ ಎಂದು ಕುಡಿಯುತ್ತ ಕೂತಿದ್ದರು. ಹೆಣ್ಣುಮಕ್ಕಳು ಒಳಗಿನ ಕೋಣೆಯಲ್ಲಿ ಕೂತು ಚಹಾ ಕುಡಿಯಲಿ, ಸಹಿ ಮಾಡಿಸುವಾಗ ಕರೆಯುತ್ತೇವೆ ಎಂದರು. ಚಹಾ ಕುಡಿಯುವವರು ಒಳಗೆ ಕೂರಬೇಕು ಅನ್ನುವುದಾದರೆ ಮೊದಲು ನೀವೇ ಏಳಿರಿ ಎಂದೆ. ಎಲ್ಲರಿಗಿಂತ ಜೋರಾಗಿ ನಕ್ಕವರು ಅವರೇ. ಅಂದಿನಿಂದ, ವಯಸ್ಸಿನಲ್ಲಿ ಎಷ್ಟೋ ಸಣ್ಣವಳಾದ ನನ್ನನ್ನು ಅಕ್ಕಾ ಎಂದು ಕರೆಯತೊಡಗಿದರು. ನಮ್ಮ ಜಗಳವೂ ಸ್ನೇಹವೂ ಒಂದೇ ದಿನ ಶುರುವಾದವು.

ಕಾಲುವೆಯ ಪಕ್ಕ ಅವರ ಕಬ್ಬು, ಅಥಣಿ ರಸ್ತೆಗೆ ದ್ರಾಕ್ಷಿ, ಹಿತ್ತಲಲ್ಲಿ ಜೀಪು. ಬಡಾಯಿ ಬಹಳ. ತಮ್ಮ ದ್ರಾಕ್ಷಿಯ ಮುಂದೆ ನಿಪ್ಪಾಣಿಯ ಪೇಟೆಯಲ್ಲಿ ಬೇರೆಯವರ ದ್ರಾಕ್ಷಿ ಮುಖ ಎತ್ತುವುದಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಸಿಟ್ಟು ಬಂದರೆ ಕನ್ನಡ, ಖುಷಿಯಾದರೆ ಮರಾಠಿ. ಕೆಟ್ಟವರಲ್ಲ. ಆದರೆ ಊರು ಎಂದರೆ ಅವರ ಕಣ್ಣಿಗೆ ನಮ್ಮ ಓಣಿ, ಗುಡಿ, ಶಾಲೆ, ಮತದಾರರ ಪಟ್ಟಿ. ಅದರಾಚೆ ಇದ್ದವರು ಅವರಿಗೆ ಕಾಣುತ್ತಿರಲಿಲ್ಲ. ನನಗೂ ಕಾಣುತ್ತಿರಲಿಲ್ಲ, ಯಾಕೆ ಸುಳ್ಳು ಹೇಳಲಿ.

ಕಬ್ಬಿನ ಹಂಗಾಮಿಗೆ ಬಿಜಾಪುರ ಕಡೆಯಿಂದ, ಜತ್ತ ಕಡೆಯಿಂದ ಸಕ್ಕರೆ ಫ್ಯಾಕ್ಟರಿ ಕರೆಸುವ ಕಡಿಯುವವರ ಟೋಳಿಗಳು ಬರುತ್ತವೆ. ನಮ್ಮ ಊರಿನ ಹೊಲಗಳು ಮುಗಿದು ಪಕ್ಕದ ಊರಿನವು ಶುರುವಾಗುವ ಗಡಿಯಲ್ಲಿ, ಕಾಲುವೆಯ ಏರಿಯ ಕೆಳಗೆ, ಕಬ್ಬಿನ ಒಣ ಎಲೆಯ ರವದಿಯಿಂದ ಖೋಪಿ ಕಟ್ಟಿಕೊಂಡು ಇರುತ್ತಿದ್ದರು. ಆಳೆತ್ತರವೂ ಇಲ್ಲದ ಗುಡಿಸಲುಗಳು. ಬಗ್ಗಿ ಒಳಗೆ ಹೋಗಬೇಕು, ಬಗ್ಗಿ ಹೊರಗೆ ಬರಬೇಕು. ಎತ್ತಿಗೂ, ಬಟ್ಟೆಗೂ, ಬಾಯಿಗೂ ಅದೇ ಕಾಲುವೆಯ ನೀರು.

ಒಂದು ಹಂಗಾಮಿನಲ್ಲಿ ನಮ್ಮ ಊರಿಗೆ ವಾಂತಿಭೇದಿ ಹೊಕ್ಕಿತು. ಮನೆಗೊಬ್ಬರಂತೆ ಮಲಗಿದರು. ಸರಕಾರದಿಂದ ಮಂಡಲಕ್ಕೆ ಹಣ ಬಂತು: ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಲು, ಔಷಧದ ಗಾಡಿ ನಿಲ್ಲಿಸಲು, ಬೇಕಾದಲ್ಲಿ ಬೋರಿಂಗು ಹೊಡೆಸಲು. ಆಗ ಇದ್ದ ಡಾಕ್ಟರು ಮೈಸೂರು ಕಡೆಯ ಎಳೆಯ ಹುಡುಗ, ಮೆಲ್ಲಗೆ ಮಾತಾಡುವವರು. ಮೀಟಿಂಗಿಗೆ ಬಂದು, ಮೊದಲು ಗಡಿಯ ಖೋಪಿಗಳಿಗೆ ಶುದ್ಧ ನೀರು ಕೊಡಿ, ಔಷಧದ ಗಾಡಿಯನ್ನು ವಾರಕ್ಕೆರಡು ಸಲ ಅಲ್ಲಿಗೂ ಕಳಿಸಿ, ಅಲ್ಲಿಗೆ ರೋಗ ಹೋದರೆ ತಡೆಯಲಾಗದು ಎಂದರು. ಪ್ರಧಾನರು ಟೊಪ್ಪಿಗೆ ಊದಿದರು.

"ಅವ್ರು ಫ್ಯಾಕ್ಟರಿ ಮಂದಿ ಸಾಹೇಬ್ರ. ನಮ್ಮ ಯಾದಿಯೊಳಗ ಇಲ್ಲ. ಅವ್ರ ರೊಕ್ಕ ಅವ್ರ ಊರಿಗೆ ಬಂದಿರತೈತಿ, ನಮ್ಮ ರೊಕ್ಕ ನಮಗ ಸಾಲವಲ್ದು."

ಎಲ್ಲರೂ ಕೈ ಎತ್ತಿದೆವು. ನನ್ನ ಕೈಯೂ ಎದ್ದಿತು. ನಮ್ಮತ್ತೆ ಮನೆಯಲ್ಲಿ ವಾಂತಿ ಮಾಡಿಕೊಳ್ಳುತ್ತ ಮಲಗಿದ್ದರು, ನನಗೆ ಬೇಗ ಮನೆಗೆ ಹೋಗಬೇಕಿತ್ತು. ಔಷಧದ ಗಾಡಿ ಶಾಲೆಯ ಮುಂದೆ ನಿಂತಿತು, ಪುಡಿ ನಮ್ಮ ಬಾವಿಗಳಿಗೆ ಬಿತ್ತು. ಅತ್ತೆಯವರು ಬದುಕಿಕೊಂಡರು. ನಮ್ಮ ಊರಿನಲ್ಲಿ ಯಾರೂ ಸಾಯಲಿಲ್ಲ. ಹಣ ಇದ್ದಲ್ಲಿ ರೋಗ ಸೋಲುತ್ತದೆ ಎಂಬುದನ್ನು ಕಣ್ಣಾರೆ ಕಂಡೆವು.

ಆದರೂ ಊರ ಹಿರಿಯರಿಗೆ ಸಮಾಧಾನವಿಲ್ಲ. ಮರಗವ್ವನ ಗಾಡಿ ಕಳಿಸಬೇಕು ಎಂದು ಹಟ ಹಿಡಿದರು. ನಮ್ಮ ಕಡೆ ಇದು ಹಳೆಯ ಪದ್ಧತಿ. ಬೇನೆ ಬಂದಾಗ ಬಡಿಗರು ಒಂದು ಪುಟ್ಟ ಕಟ್ಟಿಗೆಯ ಗಾಡಿ ಮಾಡುತ್ತಾರೆ. ಅದರಲ್ಲಿ ದೇವಿಯನ್ನು ಕೂರಿಸಿ, ಬೇವು ಕಟ್ಟಿ, ಮನೆಮನೆಯ ಹೆಂಗಸರು ಹಸಿರು ಬಳೆ, ನಿಂಬೆಹಣ್ಣು, ಮೊಸರುಬಾನ ಇಡುತ್ತಾರೆ. ಬಾನ ಎಂದರೆ ದೇವಿಗೆಂದೇ ಮಾಡಿದ ಅನ್ನ. ಹಲಗೆ ಬಾರಿಸುತ್ತ ಗಾಡಿಯನ್ನು ಊರ ಗಡಿ ದಾಟಿಸಿದರೆ ಬೇನೆ ಅದರ ಜೊತೆ ಹೋಯಿತು ಎಂದು ನಂಬಿಕೆ. ಪಕ್ಕದ ಊರಿನವರು ಅದನ್ನು ತಮ್ಮ ಗಡಿಯ ತನಕ ಎಳೆದು ಮುಂದಿನವರಿಗೆ ಕೊಡಬೇಕು. ಗಾಡಿಯ ಮೇಲಿನದನ್ನು ಯಾರೂ ಮುಟ್ಟುವುದಿಲ್ಲ, ಬಿಟ್ಟು ಬರುವಾಗ ಹೊರಳಿ ನೋಡುವುದಿಲ್ಲ.

ಪ್ರಧಾನರಿಗೆ ಇದರಲ್ಲಿ ಅಂಥ ನಂಬಿಕೆ ಇರಲಿಲ್ಲ. ಊರು ಒಟ್ಟಾಗಿ ಕೇಳುವಾಗ ಇಲ್ಲ ಎನ್ನುವ ಧೈರ್ಯವೂ ಇರಲಿಲ್ಲ. ತಾವೇ ಮುಂದೆ ನಡೆದರು. ನಾನೂ ಬಾನ ಮಾಡಿ ಇಟ್ಟೆ, ಅತ್ತೆಯವರ ಹಾಸಿಗೆ ಬಟ್ಟೆ ಒಗೆದ ಕೈಯಿಂದಲೇ. ಕೈ ತೊಳೆದುಕೊಂಡಿದ್ದೆ ಎಂದು ನೆನಪು. ಹೇಗೆ ತೊಳೆದೆ ಎಂಬುದು ನೆನಪಿಲ್ಲ.

ಗಡಿಗೆ ಹೋದರೆ ಪಕ್ಕದ ಊರಿನವರು ಬಡಿಗೆ ಹಿಡಿದು ನಿಂತಿದ್ದರಂತೆ. ನಮ್ಮ ದೇವಿಯನ್ನು ಮೊನ್ನೆಯಷ್ಟೇ ಕಳಿಸಿದ್ದೇವೆ, ನಿಮ್ಮದನ್ನು ಒಳಗೆ ಬಿಡುವುದಿಲ್ಲ ಎಂದರಂತೆ. ಗಾಡಿಯನ್ನು ತಿರುಗಿ ಊರಿಗೆ ತರುವಂತಿಲ್ಲ. ಆಗ ಪ್ರಧಾನರು ತಲೆ ಓಡಿಸಿದರು. ಕಾಲುವೆಯ ಏರಿಯ ಕೆಳಗಿನ ಜಾಗ ನಮ್ಮದೂ ಅಲ್ಲ, ನಿಮ್ಮದೂ ಅಲ್ಲ, ಅಲ್ಲಿ ಬಿಡೋಣ ಎಂದರು. ಎರಡೂ ಊರಿನವರು ಒಪ್ಪಿದರು. ಖೋಪಿಗಳ ಮುಂದೆ ಗಾಡಿ ನಿಲ್ಲಿಸಿ ಹೊರಳಿ ನೋಡದೆ ಬಂದರು. ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು, ಜಗಳಿಲ್ಲ ತಂಟಿಲ್ಲ, ಹೆಂಗ ಬಗಿಹರಿಸಿದ್ನಿ ನೋಡ ಅಕ್ಕಾ ಎಂದು ಮೀಸೆ ತೀಡಿಕೊಂಡರು. ಭಲೇ ಎಂದೆ ನಾನು.

ಖೋಪಿಯವರು ಕೆಲಸ ಮುಗಿಸಿ ಬಂದಾಗ ಬಾಗಿಲ ಮುಂದೆ ದೇವಿ ನಿಂತಿದ್ದಳು. ಗಾಡಿ ಕಳಿಸುವ ಪದ್ಧತಿ ಅವರಿಗೆ ಗೊತ್ತಿರಲಿಲ್ಲ. ಎಷ್ಟೋ ವರ್ಷದಿಂದ ಬರುತ್ತಿದ್ದರೂ ಊರಿನಿಂದ ಅವರಿಗೆ ಒಂದು ತುತ್ತು ಅನ್ನ ಬಂದದ್ದು ಅದೇ ಮೊದಲು. ಊರವರು ನಮ್ಮನ್ನೂ ನೆನೆಸಿಕೊಂಡರು ಎಂದುಕೊಂಡರಂತೆ. ಕಾಯಿ ಒಡೆದು, ಬಾನವನ್ನು ಪ್ರಸಾದವೆಂದು ಹಂಚಿಕೊಂಡು ಉಂಡರು.

ಮರುದಿನ ಅವರಲ್ಲಿ ಬೇನೆ ಶುರುವಾಯಿತು. ಔಷಧದ ಗಾಡಿ ಶಾಲೆಯ ಮುಂದೆಯೇ ಇತ್ತು, ಖೋಪಿಗಳು ಅದರ ಲೆಕ್ಕದಲ್ಲಿ ಇರಲಿಲ್ಲ. ತಮ್ಮ ಕಬ್ಬು ಕಡಿಯಲು ಆಳು ಬರಲಿಲ್ಲವೆಂದು ಬೈಯಲು ಹೋದ ಪ್ರಧಾನರು ಅಲ್ಲಿಯ ಸ್ಥಿತಿ ನೋಡಿ ಜೀಪು ತರಿಸಿದರು. ಹೆಂಗಸರನ್ನು ಹಿಡಿದುಕೊಳ್ಳಲು ಒಬ್ಬಳು ಬೇಕೆಂದು ನನ್ನನ್ನೂ ಹತ್ತಿಸಿಕೊಂಡರು. ನೀಲವ್ವ ಎಂಬ ಹೆಂಗಸು ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ನನ್ನ ಎದುರಿಗೆ ಕೂತಿದ್ದಳು. ಕೂಸಿನ ಕೈಯಲ್ಲಿ ದೊಡ್ಡವರ ಹಸಿರು ಬಳೆಗಳು, ಜಾರಬಾರದೆಂದು ಮೊಣಕೈ ಮೇಲಕ್ಕೆ ಏರಿಸಿದ್ದವು. ನಾವು ಗಾಡಿಯ ಮೇಲೆ ಇಟ್ಟ ಬಳೆಗಳು. ನಾನು ಪ್ರಧಾನರ ಮುಖ ನೋಡಿದೆ. ಅವರು ಆ ಬಳೆಗಳನ್ನು ಆಗಲೇ ನೋಡಿಯಾಗಿತ್ತು.

ಅಥಣಿಯ ಆಸ್ಪತ್ರೆ ಮುಟ್ಟುವ ಮೊದಲೇ ಕೂಸು ಹೋಯಿತು. ಉಳಿದವರು ಉಳಿದರು. ನಮ್ಮ ಡಾಕ್ಟರೂ ಬಂದರು, ಏನು ಉಂಡಿದ್ದರು ಎಂದು ಕೇಳಿ ತಿಳಿದುಕೊಂಡರು. ಕಾಲುವೆಯ ನೀರಿನಿಂದಲೂ ಆಗಿರಬಹುದು, ಆ ಅನ್ನದಿಂದಲೂ ಆಗಿರಬಹುದು, ಇಂಥದರಿಂದಲೇ ಎಂದು ಹೇಳಲಾಗದು ಎಂದರು. ಪಾಪ, ಸಮಾಧಾನಕ್ಕೆಂದೇ ಹೇಳಿದರು. ಪ್ರಧಾನರು ಆಸ್ಪತ್ರೆಯ ಮೆಟ್ಟಿಲ ಮೇಲೆ ಟೊಪ್ಪಿಗೆ ಕೈಯಲ್ಲಿ ಹಿಡಿದು ಕೂತಿದ್ದರು. ಅಂದು ಅದನ್ನು ಊದಲಿಲ್ಲ.

"ನೀರ ಆದ್ರೂ ನಂದ, ಅಕ್ಕಾ. ಅನ್ನ ಆದ್ರೂ ನಂದ."

ನಂದಲ್ಲ, ನಮ್ಮದು ಎನ್ನಬೇಕಿತ್ತು ನಾನು. ಎನ್ನಲಿಲ್ಲ. ಅವರೊಬ್ಬರೇ ಹೊತ್ತುಕೊಂಡರೆ ನನಗೆ ಹಗುರವಾಗುತ್ತದೆ ಎಂದು ಮನಸ್ಸು ಸುಮ್ಮನಾಯಿತು.

ಆಮೇಲೆ ಶುರುವಾಯಿತು ಅವರ ಹುಚ್ಚು. ಖೋಪಿಗಳಿಗೆ ಸರಕಾರದ ಬೋರಿಂಗು ಬೇಕು, ವಾರವಾರ ನರ್ಸಬಾಯಿ ಹೋಗಬೇಕು, ಅದಕ್ಕೆ ಹಣ ಕೊಡಿ ಎಂದು ಅಥಣಿಯಿಂದ ಚಿಕ್ಕೋಡಿಗೆ, ಚಿಕ್ಕೋಡಿಯಿಂದ ಬೆಳಗಾವಿಗೆ ತಿರುಗಿದ್ದೇ ತಿರುಗಿದ್ದು. ಹೋದಲ್ಲೆಲ್ಲ ಒಂದೇ ಪ್ರಶ್ನೆ: ಅದು ಯಾವ ಊರು? ಊರಿನ ಹೆಸರಿಲ್ಲದೆ ಅನುದಾನವಿಲ್ಲ. ತಾವು ಡಾಕ್ಟರಿಗೆ ಹೇಳಿದ ಮಾತನ್ನೇ ಈಗ ಸಾಹೇಬರ ಬಾಯಿಂದ ಕೇಳಿ ಬರುತ್ತಿದ್ದರು. ಒಮ್ಮೆ ನಾನೂ ಜೊತೆಗಿದ್ದೆ. ಸಾಹೇಬರು, ನೀವೇ ಅನುಕೂಲವಂತರಲ್ಲ, ನಿಮ್ಮ ಕೈಯಿಂದಲೇ ಹೊಡೆಸಿಕೊಡಿ, ಪುಣ್ಯ ಬರುತ್ತದೆ ಎಂದು ನಕ್ಕರು. ಪ್ರಧಾನರ ಮುಖ ಕೆಂಪಾಯಿತು.

"ಪುಣ್ಯಾ ನನಗ ಬ್ಯಾಡ್ರಿ. ನಾ ಕೊಟ್ರ ಅದು ಭಿಕ್ಷಾ ಆಗತೈತಿ, ನಾಳೆ ನನ್ನ ಮಗ ಕಸಗೋತಾನ. ಸರಕಾರ ಕೊಟ್ರ ಅವ್ರ ಹಕ್ಕ ಆಗತೈತಿ."

ಜೀವನದಲ್ಲಿ ಅವರು ಆಡಿದ ಅತ್ಯಂತ ಶಾಣೇ ಮಾತು ಅದು ಎಂದು ದಾರಿಯಲ್ಲಿ ಕಾಡಿಸಿದೆ. ನಗಲಿಲ್ಲ. ತೊಂದರೆ ಬೇರೆಯೇ ಇತ್ತು. ಖಾಸಗಿ ಹೊಲದಲ್ಲಿ ಸರಕಾರದ ಬೋರಿಂಗು ಹೊಡೆಯುವಂತಿಲ್ಲ, ಏರಿಯ ಕೆಳಗಿನ ಜಾಗ ಕಾಲುವೆಯದು, ಅದನ್ನೂ ಮುಟ್ಟುವಂತಿಲ್ಲ. ಗಡಿಗೆ ಹತ್ತಿದ ಹೊಲ ಪ್ರಧಾನರದೇ. ಕಾಲುವೆಯ ಪಕ್ಕದ ಕಪ್ಪು ಮಣ್ಣಿನ ಮೂಲೆಯನ್ನು ಸರಕಾರಕ್ಕೆ ಬರೆದುಕೊಟ್ಟು, ಇದನ್ನು ವಸತಿ ಎಂದು ದಾಖಲು ಮಾಡಿರಿ ಎಂದರು. ಅವರ ತಮ್ಮ ಕಾಲು ಕೆದರಿ ಜಗಳಕ್ಕೆ ನಿಂತ. ಎಲ್ಲಿಂದಲೋ ಬಂದವರಿಗೆ ಅಪ್ಪನ ಹೊಲ ಹಂಚುವ ಅಣ್ಣನ ಮುಖ ನೋಡುವುದಿಲ್ಲ ಎಂದು ಪಾಲು ತೆಗೆದುಕೊಂಡು ಬೇರೆಯಾದ. ತಮ್ಮನೆಂದರೆ ಜೀವ ಬಿಡುತ್ತಿದ್ದ ಮನುಷ್ಯ, ಅವನು ಪಾತ್ರೆಪಗಡೆ, ಗುದ್ದಲಿ ಸಮೇತ ಮನೆ ಬಿಡುವುದನ್ನು ಬಾಗಿಲಲ್ಲಿ ನಿಂತು ನೋಡಿದರು.

ಎರಡು ಹಂಗಾಮು ಕಳೆದ ಮೇಲೆ ಬೋರಿಂಗು ಬಂತು. ನೀರು ಬಿದ್ದ ದಿನ ಖೋಪಿಯವರೆಲ್ಲ ಸುತ್ತ ನೆರೆದಿದ್ದರು. ಎಲ್ಲರಿಗಿಂತ ಮುಂದೆ ನೀಲವ್ವ. ಅವಳು ಆ ವರ್ಷವೂ ಬಂದಿದ್ದಳು. ನಾವು ಅಲ್ಲಿಗೆ ಹೋಗುವಾಗ ದಾರಿಯಲ್ಲಿ ಪ್ರಧಾನರು ಜೀಪು ನಿಲ್ಲಿಸಿ, ಹೇಳಿಬಿಡಲೇನ ಅಕ್ಕಾ ಅಕಿಗೆ, ಗಾಡಿ ಯಾಕ ಅಲ್ಲಿ ಬಿಟ್ಟಿದ್ದಿವಿ ಅನ್ನೂದನ್ನ, ಎಂದು ಕೇಳಿದರು. ಬೇಡ ಎಂದೆ. ದೇವಿ ತನ್ನ ಮನೆಗೆ ಬಂದಿದ್ದಳು ಎಂಬ ಒಂದು ಸಮಾಧಾನದಲ್ಲಿ ಇದ್ದಾಳೆ, ಅದನ್ನೂ ಯಾಕೆ ಕಸಿದುಕೊಳ್ಳುತ್ತೀರಿ ಎಂದೆ. ಅವಳ ಸಲುವಾಗಿ ಹೇಳಿದೆನೋ, ನನ್ನ ಸಲುವಾಗಿ ಹೇಳಿದೆನೋ, ಆ ದೇವಿಗೇ ಗೊತ್ತು.

ನೀಲವ್ವ ಮೊದಲ ತಂಬಿಗೆ ನೀರು ಹಿಡಿದು ತಂದು ಅವರ ಕೈಗೆ ಕೊಟ್ಟಳು.

"ಅಣ್ಣಾರ, ಅವತ್ತ ನೀವು ತಾಯೀನ ನಮ್ಮ ಬಾಗ್ಲಿಗೆ ಕಳಿಸಿದ್ರಿ. ಅಕೀನ ಇವತ್ತ ನೀರ ತಂದಾಳ ನೋಡ್ರಿ."

ಪ್ರಧಾನರು ಬಾಯಿ ತೆರೆದರು. ನಾನು ಹಿಂದಿನಿಂದ ಅವರ ಅಂಗಿ ಜಗ್ಗಿದೆ. ಬಾಯಿ ಮುಚ್ಚಿ, ತಂಬಿಗೆ ಎತ್ತಿ, ಗಟಗಟ ಕುಡಿದರು. ಅರ್ಧ ಎದೆಯ ಮೇಲೆ ಚೆಲ್ಲಿತು.

ನೀರಾದ ಮೇಲೆ ನೀಲವ್ವನೂ ಸೇರಿ ಕೆಲವರು ಹಂಗಾಮು ಮುಗಿದರೂ ಹೋಗದೆ ಅಲ್ಲಿಯೇ ಉಳಿದರು. ಮತದಾರರ ಪಟ್ಟಿಯಲ್ಲಿ ಅವರ ಹೆಸರು ಬಂತು, ನರ್ಸಬಾಯಿ ಬರತೊಡಗಿದರು. ಮುಂದೆ ಒಂದು ವರ್ಷ ಪಕ್ಕದ ಊರುಗಳಲ್ಲಿ ಬೇನೆ ಎಂಬ ಸುದ್ದಿ ಹಬ್ಬಿದಾಗ ನಮ್ಮವರು ಮತ್ತೆ ಗಾಡಿ ಮಾಡಿಸಿದರು. ಪ್ರಧಾನರು ಗಡಿಯಲ್ಲಿ ದಾರಿಗೆ ಅಡ್ಡ ಮಲಗಿದರು. ಬಿಳಿ ಧೋತರ ಧೂಳಾಗಿತ್ತು. ಹಾಯಿಸ್ಕೊಂಡ ಹೋಗ್ರಿ ನನ್ನ ಮ್ಯಾಲ ಎಂದರು. ಗಾಡಿ ತಿರುಗಿ ಬಂತು. ಆಮೇಲಿನ ಚುನಾವಣೆಯಲ್ಲಿ ಊರು ಅವರನ್ನು ನೆಲಕ್ಕೆ ಹಾಕಿತು. ತಲೆಕೆಟ್ಟ ಪ್ರಧಾನ ಎಂಬ ಹೆಸರು ಬಂದದ್ದು ಆಗಲೇ. ಯಾಕೆ ಮಲಗಿದಿರಿ ಎಂದು ಎಷ್ಟು ಜನ ಕೇಳಿದರೂ ಕಾರಣ ಹೇಳಲಿಲ್ಲ. ಹೇಳಿದ್ದರೆ ಅದು ನೀಲವ್ವನ ಕಿವಿಗೆ ಹೋಗುತ್ತಿತ್ತು. ನನ್ನ ಮಾತನ್ನು ಅಷ್ಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ ಎಂದು ನಾನು ಅಂದುಕೊಂಡಿರಲಿಲ್ಲ. ಕಡೆಕಡೆಗೆ ನಮ್ಮ ಕಟ್ಟೆಗೆ ಬಂದು ಸುಮ್ಮನೆ ಕೂತು ಹೋಗುತ್ತಿದ್ದರು. ಒಮ್ಮೆ ಹೋಗುವಾಗ, ನೀ ಅವತ್ತ ಅಂಗಿ ಜಗ್ಗಬಾರದಿತ್ತ ಅಕ್ಕಾ ಎಂದರು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಅಂದಿದ್ದರೆ ಜಗಳ ಮಾಡಿ ಹಗುರಾಗುತ್ತಿದ್ದೆ.

ಬೋರಿಂಗಿನಿಂದ ತುಸು ದೂರ, ಅವರ ಪಾಲಿಗೆ ಉಳಿದ ಹೊಲದಲ್ಲಿಯೇ ಅವರನ್ನು ಮಣ್ಣು ಮಾಡಿದ್ದಾರೆ. ಮೂರನೆಯ ದಿನ, ಸತ್ತವರಿಗೆ ಸೇರುತ್ತಿದ್ದ ತಿನಿಸನ್ನು ಗೋರಿಯ ಮೇಲಿಟ್ಟು ಬರುವ ದಿನ, ಮನೆಯವರು ಹೋಳಿಗೆ ಇಟ್ಟು ಹೋದ ಮೇಲೆ ನಾನು ಹಿಂದೆ ಉಳಿದೆ. ಖೋಪಿಗಳ ಕಡೆಯಿಂದ ನೀಲವ್ವ ಬಂದಳು. ಕೂದಲು ಪೂರಾ ಬೆಳ್ಳಗಾಗಿದೆ. ಕೈಯಲ್ಲಿ ಒಂದು ಗಡಿಗೆ. ಬಾಯಿಗೆ ಕಟ್ಟಿದ ಅರಿವೆ ಬಿಚ್ಚಿದಳು. ಮೊಸರುಬಾನ.

"ಅಣ್ಣಾರಿಗೆ ಇದು ಭಾಳ ಸೇರತಿತ್ತೇನೋ ಅಂತ ಮಾಡೇನ್ರಿ. ಅವತ್ತ ನಮಗ ಇದನ್ನ ಕಳಿಸಿದ್ರಲ್ಲ."

ಅವಳು ಗೋರಿಯ ಹತ್ತಿರ ಬಗ್ಗಿದಳು. ನನ್ನ ಕಣ್ಣ ಮುಂದೆ ಎಲೆಯ ಮೇಲೆ ಅಡ್ಡ ಹಿಡಿದ ಆ ಎರಡು ಕೈ ಬಂದವು. ಈಗ ಅಡ್ಡ ಹಿಡಿಯಲು ಕೈ ಇರಲಿಲ್ಲ. ನೀಲವ್ವ, ತಡಿ ಎಂದೆ. ಹೇಳಿದೆ. ಬೇನೆಯನ್ನು ಊರ ಹೊರಗೆ ಹಾಕಲು ಗಾಡಿ ಕಳಿಸುವುದು, ಪಕ್ಕದ ಊರಿನವರು ಬೇಡವೆಂದದ್ದು, ಯಾರದೂ ಅಲ್ಲದ ಜಾಗವೆಂದು ಅವರ ಬಾಗಿಲಲ್ಲಿ ಬಿಟ್ಟದ್ದು, ಅದಕ್ಕೂ ಮೊದಲು ಅವರಿಗೆ ನೀರೂ ಔಷಧವೂ ಬೇಡವೆಂದು ನಾವೆಲ್ಲ ಕೈ ಎತ್ತಿದ್ದು. ಹೇಳಬೇಕೆಂದು ಅವರು ಹಂಬಲಿಸಿದ್ದನ್ನೂ, ತಡೆದವಳು ನಾನೆಂಬುದನ್ನೂ ಹೇಳಿದೆ. ಅವಳು ಗಡಿಗೆ ಹಿಡಿದುಕೊಂಡು ನಿಂತೇ ಕೇಳಿದಳು.

"ನಿಮ್ಮ ಮನೀ ಬಾನಾನೂ ಇತ್ತೇನ್ರಿ ಅದರಾಗ?" ಎಂದು ಕೇಳಿದಳು.

ಇತ್ತು ಎಂದೆ.

ತುಸು ಹೊತ್ತು ಬೋರಿಂಗಿನ ಕಡೆ ನೋಡಿದಳು. ಯಾರದೋ ಸೊಸೆ ನೀರು ಹೊಡೆಯುತ್ತಿದ್ದಳು.

"ನೀರ ಕುಡಿಯೂಮುಂದ ಅವ್ರ ಕೈ ನಡಗತಿತ್ರಿ," ಎಂದಳು. "ಜ್ವರ ಬಂದಾವ ಅಂತ ತಿಳಕೊಂಡಿದ್ನಿ ನಾ."

ನಾನು ಅವಳ ಕೈ ಹಿಡಿಯಲು ಹೋದೆ. ಹಿಡಿಯಗೊಡಲಿಲ್ಲ. ಗಡಿಗೆಯ ಬಾಯಿಗೆ ಮತ್ತೆ ಅರಿವೆ ಕಟ್ಟಿ, ಅದನ್ನು ಸೊಂಟಕ್ಕೆ ಇಟ್ಟುಕೊಂಡು ಖೋಪಿಗಳ ಕಡೆ ನಡೆದಳು. ಗೋರಿಯ ಮೇಲೆ ಏನನ್ನೂ ಇಡಲಿಲ್ಲ. ಒಮ್ಮೆಯೂ ಹೊರಳಿ ನೋಡಲಿಲ್ಲ.